ಶಾಯಿಯ ಕುಪ್ಪಿ

ಕಾಪು
12-6-1962

ಕಾರ್ಕಳದ ಬಾಲಿಕಾಶ್ರಯದ ಮೇಲ್ವಿಚಾರಕಿಯವರಿಗೆ ಕಾಪುವಿನ ಸುಗಂಧಿಯ ನಮಸ್ಕಾರಗಳು.

ಪತ್ರದ ಮೊದಲಿಗೆ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಕ್ರಮ. ನಾನು ಐದನೇ ಕ್ಲಾಸಿನವರೆಗೆ ಕಲಿತವಳು, ಕ್ರಮ ಗೊತ್ತುಂಟು. ಆದರೆ ನನ್ನ ಹನ್ನೆರಡು ವರ್ಷದ ಮಗಳು ವಿನೋದಾ ನಿಮ್ಮ ಗೇಟಿನ ಒಳಗೆ ಇರುವಾಗ ಕ್ಷೇಮ ಎಂದು ಬರೆದರೆ ಅದು ಸುಳ್ಳು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಜೂನ್ ನಾಲ್ಕರಂದು ನನ್ನ ಅಣ್ಣ ಕರುಣಾಕರ ಅವಳನ್ನು ನಿಮ್ಮಲ್ಲಿ ಬಿಟ್ಟು ಬಂದಿದ್ದಾನೆ. ಹೇಳಿದ ಮಾತು ಕೇಳದ, ಬೆಂಕಿ ಇಡುವ ಹುಡುಗಿ ಎಂದು ಫಾರ್ಮಿನಲ್ಲಿ ಬರೆದಿದ್ದಾನೆ. ನಮ್ಮ ಬೈಹುಲ್ಲಿನ ಕುತ್ತರಿಗೆ ಅವಳು ಬೆಂಕಿ ಇಟ್ಟದ್ದು ಹೌದು. ಒಂದು ಕುತ್ತರಿ ಹೋಯಿತು, ದನಗಳು ನಾಲ್ಕು ದಿನ ಪಕ್ಕದ ಮನೆಯ ಹುಲ್ಲು ತಿಂದವು. ಅಷ್ಟಕ್ಕೆಲ್ಲ ಮಕ್ಕಳನ್ನು ಗೇಟು ಹಾಕಿ ಇಡುವುದಾದರೆ ಕಾಪುವಿನ ಅರ್ಧ ಮಕ್ಕಳು ನಿಮ್ಮಲ್ಲೇ ಇರಬೇಕಿತ್ತು. ಯಾಕೆ ಇಟ್ಟಳು ಎಂದು ಕೇಳಬೇಡಿ. ಮಕ್ಕಳ ಬುದ್ಧಿ, ಇನ್ನೇನು.

ಅವಳ ತಂದೆ ಸುಂದರ ತೀರಿಹೋಗಿ ಆರು ವರ್ಷವಾಯಿತು. ಬೀಡಿ ಕಟ್ಟಿ ಸಾಕಿದವಳು ನಾನು. ನನ್ನ ಮಗಳನ್ನು ನನಗೆ ಕೊಡಿ. ಬರುವ ದಿನ ತಿಳಿಸಿದರೆ ಮೊದಲ ಬಸ್ಸಿಗೆ ಬರುತ್ತೇನೆ.

ಬೇರೆ ಏನೂ ಕೇಳದ,
ಸುಗಂಧಿ


ಬಾಲಿಕಾಶ್ರಯ, ಕಾರ್ಕಳ
18-6-1962

ಶ್ರೀಮತಿ ಸುಗಂಧಿಯವರಿಗೆ,

ತಮ್ಮ ಪತ್ರ ತಲುಪಿತು. ನಮ್ಮ ಸಂಸ್ಥೆಯ ನಿಯಮದಂತೆ, ಯಾರ ಸಹಿಯಿಂದ ಮಗುವನ್ನು ಸೇರಿಸಿಕೊಂಡೆವೋ ಅವರ ಸಹಿಯಿಂದಲೇ ಬಿಟ್ಟುಕೊಡಬೇಕು. ‘ತಂದೆ ಅಥವಾ ಪೋಷಕ’ ಎಂಬಲ್ಲಿ ತಮ್ಮ ಅಣ್ಣನವರು ಮನೆಯ ಯಜಮಾನರೆಂದು ಸಹಿ ಹಾಕಿದ್ದಾರೆ. ತಾಯಿಯ ಕಡೆಯಿಂದ ವಂಶ ನಡೆಯುವ ಈ ಕಡೆಯ ಅಳಿಯಸಂತಾನದ ಮನೆಗಳಿಂದ ಬರುವ ಮಕ್ಕಳಿಗೆಲ್ಲ ಸೋದರಮಾವನೇ ಸಹಿ ಹಾಕುವುದು ರೂಢಿ. ತಾವು ಎರಡನೇ ಶನಿವಾರ ಎರಡರಿಂದ ಮೂರು ಗಂಟೆಯವರೆಗೆ ಮಗಳನ್ನು ನೋಡಬಹುದು.

ಇದು ಜೈಲಲ್ಲ. ಇಲ್ಲಿ ಇಪ್ಪತ್ತಾರು ಹುಡುಗಿಯರಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಕಷ್ಟ. ತಿಂಗಳಿಗೆರಡು ಸಲ ಮಣಿಪಾಲದಿಂದ ಒಬ್ಬರು ಡಾಕ್ಟರು ಬಂದು ಮಕ್ಕಳೊಡನೆ ಮಾತಾಡುತ್ತಾರೆ. ಮಗುವನ್ನು ಮಾತ್ರ ಸರಿ ಮಾಡಿ ಅದೇ ಮನೆಗೆ ಕಳುಹಿಸಿದರೆ ಏನೂ ಪ್ರಯೋಜನವಿಲ್ಲ, ಮನೆಯವರೂ ನಮ್ಮ ಜೊತೆ ಕೂತು ಮಾತಾಡಬೇಕು ಎನ್ನುತ್ತಾರೆ ಅವರು. ಅದಕ್ಕಾಗಿಯೇ ತಾಯಂದಿರು ಬಂದು ಎರಡು ಮೂರು ದಿನ ಉಳಿಯಲು ಒಂದು ಕೋಣೆ ಇಟ್ಟಿದ್ದೇವೆ. ಇದುವರೆಗೆ ಯಾರೂ ಬಂದಿಲ್ಲ. ನಾಚಿಕೆಯೋ ಏನೋ.

ವಿನೋದಾ ನಮ್ಮೊಡನೆ ಮಾತಾಡುವುದಿಲ್ಲ. ರಾತ್ರಿ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಾಳೆ. ತಂದ ಚೀಲವನ್ನು ಇನ್ನೂ ಬಿಚ್ಚಿಲ್ಲ, ನಾವು ಕೊಟ್ಟ ಬಟ್ಟೆಯನ್ನೇ ಹಾಕಿಕೊಳ್ಳುತ್ತಾಳೆ. ಬೆಂಕಿ ಏಕೆ ಇಟ್ಟಳು ಎಂಬುದು ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅದು ಗೊತ್ತಾಗದೆ ನಮಗೆ ಮುಂದೆ ದಾರಿ ಇಲ್ಲ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ಬರ್ತಾ ರೊಸಾರಿಯೊ, ಮೇಲ್ವಿಚಾರಕಿ


ಕಾಪು
25-6-1962

ಚಿ. ವಿನೋದಾಳಿಗೆ ಅಮ್ಮನ ಆಶೀರ್ವಾದಗಳು.

ನೀನು ಹೋದ ಮೇಲೆ ಮಳೆ ಚೆನ್ನಾಗಿ ಹಿಡಿದಿದೆ. ಬೀಡಿ ಎಲೆಗೆ ಬೂಷ್ಟು ಬರುತ್ತದೆ ಎಂದು ಒಲೆಯ ಮೇಲೆ ಅಟ್ಟದಲ್ಲಿ ಇಟ್ಟಿದ್ದೇನೆ. ಕೆಂಪು ದನ ಕರು ಹಾಕಿತು, ಹೆಣ್ಣು. ಅದಕ್ಕೆ ನಿನ್ನ ಹಾಗೆಯೇ ಸೊಕ್ಕು, ಹಾಲು ಕುಡಿಯುವುದಕ್ಕಿಂತ ಹಾಯುವುದೇ ಹೆಚ್ಚು. ಪಕ್ಕದ ಮನೆಯ ಲೊರ್ನಾ ದಿನಾ ನಿನ್ನನ್ನು ಕೇಳುತ್ತಾಳೆ.

ಅಲ್ಲಿ ಕೂತು ನಿದ್ದೆ ಮಾಡುತ್ತೀ ಅಂತೆ. ಹಾಗೆ ಮಾಡಬೇಡ, ಬೆನ್ನು ನೋಯುತ್ತದೆ. ಚೀಲದಲ್ಲಿ ನಿನ್ನ ನೀಲಿ ಲಂಗ ಉಂಟು, ತೆಗೆದು ಹಾಕಿಕೋ. ಅವರು ಎಂತ ಕೇಳಿದರೂ ಮನೆಯ ವಿಷಯ ಹೇಳಲಿಕ್ಕೆ ಹೋಗಬೇಡ. ಮನೆಯ ಮಾತು ಮನೆಯಲ್ಲಿ ಇರಬೇಕು. ನಾನು ಹೇಗಾದರೂ ನಿನ್ನನ್ನು ಕರೆದುಕೊಂಡು ಬರುತ್ತೇನೆ, ಗೇಟು ಹಾರಿಯಾದರೂ ಸರಿ.

ಒಂದು ಕಾರ್ಡು ಬರೆ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ


ಬಾಲಿಕಾಶ್ರಯ, ಕಾರ್ಕಳ
9-7-1962

ಶ್ರೀಮತಿ ಸುಗಂಧಿಯವರಿಗೆ,

ಕಳೆದ ಗುರುವಾರ ತಾವು ನಿಯಮಕ್ಕೆ ಹೊರತಾಗಿ ಬಂದಿರಿ, ಕಾವಲುಗಾರ ಒಳಗೆ ಬಿಡಲಿಲ್ಲ. ಅದು ಅವನ ಕೆಲಸ. ಅದಕ್ಕೆ ತಾವು ಎದುರಿನ ಪೀಟರನ ಸೈಕಲ್ ಅಂಗಡಿಯ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಸಂಜೆಯವರೆಗೆ ಬೀಡಿ ಕಟ್ಟುತ್ತ ಕುಳಿತಿರಿ. ನಮ್ಮ ಇಪ್ಪತ್ತಾರು ಹುಡುಗಿಯರೂ ಕಿಟಕಿಗೆ ಜೋತುಬಿದ್ದು ಪಾಠ ಕೇಳಲಿಲ್ಲ. ಇದರಿಂದ ಶಿಸ್ತು ಕೆಡುತ್ತದೆ. ಇನ್ನು ಹೀಗೆ ಮಾಡಬಾರದಾಗಿ ಕೋರುತ್ತೇನೆ.

ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಅಂದು ವಿನೋದಾ ಎರಡು ಸಲ ಗಂಜಿ ಹಾಕಿಸಿಕೊಂಡಳು.

ತಮ್ಮ,
ಬರ್ತಾ ರೊಸಾರಿಯೊ


ಕಾಪು
16-7-1962

ಮೇಲ್ವಿಚಾರಕಿಯವರಿಗೆ,

ನಿಮ್ಮ ಪತ್ರ ಓದಿ ನನಗೆ ನಗು ಬಂತು. ಗೇಟು ನಿಮ್ಮದು, ಒಪ್ಪಿದೆ. ರಸ್ತೆ ಸರ್ಕಾರದ್ದು. ಜಗಲಿ ಪೀಟರನದ್ದು, ಅವನು ನನಗೆ ಕೂರಲು ಗೋಣಿ ಹಾಸಿಕೊಟ್ಟ, ಚಾ ತರಿಸಿದ. ಇದರಲ್ಲಿ ನಿಮ್ಮದು ಎಂತ ಉಂಟು? ನನ್ನ ಬೀಡಿ ಶುಕ್ರವಾರ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಬೇಕು, ಮನೆಯಲ್ಲಿ ಕಟ್ಟಿದರೂ ಒಂದೇ, ಕಾರ್ಕಳದಲ್ಲಿ ಕಟ್ಟಿದರೂ ಒಂದೇ. ಇನ್ನು ಪ್ರತಿ ಗುರುವಾರ ನಾನು ಅಲ್ಲೇ. ನನ್ನನ್ನು ನೋಡಿದರೆ ನನ್ನ ಮಗಳು ಉಣ್ಣುತ್ತಾಳೆ ಎಂದು ನೀವೇ ಬರೆದಿದ್ದೀರಿ. ಮತ್ತೆ ಬರಬೇಡ ಎಂದರೆ ನಾನು ಯಾವ ಮಾತು ಕೇಳಬೇಕು?

ಮೊನ್ನೆ ಶನಿವಾರ ನಿಮ್ಮ ನಿಯಮದ ಪ್ರಕಾರವೇ ಬಂದೆ. ಒಂದು ಗಂಟೆ ಹೊತ್ತು ಅವಳು ನನಗೆ ಬೆನ್ನು ತಿರುಗಿಸಿ ಕೂತಳು. ತಲೆಗೆ ಎಣ್ಣೆ ಹಚ್ಚುತ್ತೇನೆ ಎಂದರೆ ಕೈ ದೂಡಿದಳು. ಕರುವಿನ ಕಥೆ ಹೇಳಿದೆ, ಲೊರ್ನಾ ಕೊಟ್ಟ ಹಲಸಿನ ಹಪ್ಪಳ ಇಟ್ಟೆ, ತಿರುಗಿಯೂ ನೋಡಲಿಲ್ಲ. ಮೂರು ಗಂಟೆಗೆ ಬೆಲ್ಲು ಹೊಡೆದಾಗ ಎದ್ದು ಹೋದಳು. ಬಸ್ಸಿನಲ್ಲಿ ಪಡುಬಿದ್ರೆಯವರೆಗೆ ನಾನು ಅತ್ತಿದ್ದೇನೆ, ಕಂಡಕ್ಟರು ಟಿಕೇಟು ಕೇಳಲಿಲ್ಲ.

ಒಂದೂವರೆ ತಿಂಗಳಲ್ಲಿ ನೀವು ನನ್ನ ಮಗಳಿಗೆ ತಾಯಿ ಬೇಡ ಎಂದು ಕಲಿಸಿದ್ದೀರಿ. ಭಾರೀ ಒಳ್ಳೆಯ ಶಾಲೆ ನಿಮ್ಮದು.

ಗುರುವಾರ ಬರುವ,
ಸುಗಂಧಿ


ಕಾರ್ಕಳ
30-7-1962

ಅಮ್ಮನಿಗೆ,

ಇಲ್ಲಿ ಎಲ್ಲರ ಪತ್ರವನ್ನೂ ಓದಿಯೇ ಕಳುಹಿಸುವುದು. ಇದನ್ನು ಓದುವುದಿಲ್ಲ ಎಂದು ಬರ್ತಾ ಟೀಚರ್ ಮಾತು ಕೊಟ್ಟಿದ್ದಾರೆ. ನಾನೇ ಅನ್ನದ ಅಗುಳಿನಿಂದ ಅಂಟಿಸಿದ್ದೇನೆ. ಬಿಡಿಸಿದ ಗುರುತು ಕಂಡರೆ ನನಗೆ ಹೇಳು.

ನೀನು ಟೀಚರಿಗೆ ಬರೆದದ್ದನ್ನು ಅವರು ನನಗೆ ಓದಿ ಹೇಳಿದರು. ನನಗೆ ಯಾರೂ ಏನೂ ಕಲಿಸಲಿಲ್ಲ. ಮಾವ ಜಗಲಿಯಲ್ಲಿ ಕುಳಿತು ಫಾರ್ಮಿಗೆ ಸಹಿ ಹಾಕುವಾಗ ಶಾಯಿಯ ಕುಪ್ಪಿ ಹಿಡಿದುಕೊಂಡು ನಿಂತದ್ದು ನೀನು. ಬೇಡ ಅಣ್ಣ ಎಂದು ನೀನು ಹೇಳುತ್ತೀ ಎಂದು ನಾನು ನೋಡುತ್ತಾ ಇದ್ದೆ. ನೀನು ಕುಪ್ಪಿಯ ಮುಚ್ಚಳ ಹಾಕಿ ಒಳಗೆ ಹೋಗಿ ನನ್ನ ಲಂಗ ಮಡಚಿ ಚೀಲಕ್ಕೆ ಹಾಕಿದೆ. ನೀಲಿಯದ್ದು ಮೇಲೆ, ಹಳದಿಯದ್ದು ಕೆಳಗೆ. ಅದಕ್ಕೇ ನಾನು ಚೀಲ ಬಿಚ್ಚುವುದಿಲ್ಲ.

ಈಗ ನೀನು ಸೈಕಲ್ ಅಂಗಡಿಯಲ್ಲಿ ಕೂತು ಎಲ್ಲರಿಗೂ ಜೋರು ಮಾಡುತ್ತೀ. ಕಾವಲುಗಾರನಿಗೆ ಜೋರು, ಟೀಚರಿಗೆ ಜೋರು. ಮಾವನಿಗೆ ಒಂದು ದಿನವೂ ಇಲ್ಲ.

ಬೆಂಕಿ ಯಾಕೆ ಇಟ್ಟೆ ಎಂದು ಡಾಕ್ಟರು ಪ್ರತಿ ಸಲ ಕೇಳುತ್ತಾರೆ. ಯಾಕೆ ಎಂದು ನಿನಗೆ ಗೊತ್ತುಂಟು. ನಾನು ಹೇಳುವುದಿಲ್ಲ. ಹೇಳಬೇಕಾದವಳು ನೀನು.

ವಿನೋದಾ

ಕರುವಿಗೆ ಹೆಸರು ಇಡಬೇಡ. ನಾನು ಇಡುತ್ತೇನೆ.


ಕಾಪು
24-8-1962

ಬರ್ತಾ ಟೀಚರಿಗೆ ಸುಗಂಧಿಯ ನಮಸ್ಕಾರಗಳು.

ಮೂರು ಗುರುವಾರ ನಾನು ಬರಲಿಲ್ಲ. ನೀವು ನೆಮ್ಮದಿಯಾಗಿ ಪಾಠ ಮಾಡಿರಬಹುದು. ಬರಲು ಮುಖ ಇರಲಿಲ್ಲ. ನಾಲ್ಕು ಸಲ ಈ ಪತ್ರ ಬರೆದು ಒಲೆಗೆ ಹಾಕಿದ್ದೇನೆ. ಇದು ಐದನೆಯದು, ಇದನ್ನು ಲೊರ್ನಾಳ ಕೈಗೆ ಕೊಟ್ಟು ಪೆಟ್ಟಿಗೆಗೆ ಹಾಕಿಸುತ್ತೇನೆ. ನನ್ನ ಕೈಯಲ್ಲಿ ಉಳಿದರೆ ಮತ್ತೆ ಸುಡುತ್ತೇನೆ.

ಮೇ ಇಪ್ಪತ್ತೆರಡು, ಮಧ್ಯಾಹ್ನ. ವಿನೋದಾ ಆರನೇ ಕ್ಲಾಸು ಪಾಸಾಗಿದ್ದಳು. ಅಣ್ಣ ಹೇಳಿದ: “ಸಾಕು ಶಾಲೆ. ನಾಳೆಯಿಂದ ಅವಳೂ ಗೆರಸೆ ಹಿಡಿದು ಕೂರಲಿ.” ನಾನು ಹೇಳಿದೆ: “ಅವಳು ಕಲಿಯಲಿ ಅಣ್ಣ. ಅವಳ ಪಾಲಿನದ್ದನ್ನೂ ನಾನೇ ಕಟ್ಟುತ್ತೇನೆ.” ಅವನು ಬಾಗಿಲು ಹಾಕಿ ದನ ಹೊಡೆಯುವ ಕೋಲು ತೆಗೆದ. ಅದು ಮೊದಲ ಸಲ ಅಲ್ಲ. ಸುಂದರ ತೀರಿಹೋದ ವರ್ಷದಿಂದ ಹೀಗೆಯೇ. ಲೊರ್ನಾಳಿಗೆ ಕೇಳಬಾರದು ಎಂದು ನಾನು ಬಾಯಿಗೆ ಸೆರಗು ತುರುಕಿಕೊಳ್ಳುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಏಜೆಂಟನಾದ ಅವನಿಗೆ ಏಜೆಂಟರೇ ಎಂದು ಎಲ್ಲರೂ ಕೈ ಮುಗಿಯುತ್ತಾರೆ. ನಮ್ಮ ಮನೆತನದ ಮರ್ಯಾದೆ ಹೋಗಬಾರದು ಎಂದು ಆರು ವರ್ಷ ಸೆರಗು ಕಚ್ಚಿದವಳು ನಾನು.

ಅವತ್ತು ಹೊರಗೆ ಯಾರೋ ಬೆಂಕಿ ಬೆಂಕಿ ಎಂದು ಕೂಗಿದರು. ಅವನು ಕೋಲು ಬಿಸಾಡಿ ಓಡಿದ. ನಾನು ಎದ್ದು ಹೊರಗೆ ಬರುವಾಗ ವಿನೋದಾ ಬಾಗಿಲ ಹತ್ತಿರವೇ ನಿಂತಿದ್ದಳು. ಕೈಯಲ್ಲಿ ಬೆಂಕಿಪೆಟ್ಟಿಗೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಅಮ್ಮ, ಬಿಟ್ಟನಾ?” ಎಂದು ಕೇಳಿದಳು. ಅಷ್ಟೇ ಕೇಳಿದ್ದು.

ನನ್ನ ಮಗಳು ಬೆಂಕಿ ಇಟ್ಟದ್ದು ಹುಲ್ಲು ಸುಡಲಿಕ್ಕಲ್ಲ ಟೀಚರ್. ಕೋಲು ಕೆಳಗೆ ಬೀಳಲಿಕ್ಕೆ. ಹನ್ನೆರಡು ವರ್ಷದ ಹುಡುಗಿ ಅಷ್ಟು ಮಾಡಿದಳು, ಮೂವತ್ತನಾಲ್ಕು ವರ್ಷದ ನಾನು ಶಾಯಿಯ ಕುಪ್ಪಿ ಹಿಡಿದು ನಿಂತೆ. ಅವಳು ಕೆಟ್ಟವಳು ಎಂದು ಅವನು ಬರೆಯುವಾಗ ಬಗ್ಗಿ ನೋಡಿ ಓದಿದ್ದೇನೆ. ಓದಲಿಕ್ಕೆ ಬರುವುದಿಲ್ಲ ಎಂದು ಹೇಳುವ ಹಾಗೂ ಇಲ್ಲ.

ಇದನ್ನು ಡಾಕ್ಟರಿಗೆ ಓದಿ ಹೇಳಿ. ಬೇಕಾದರೆ ಗೇಟಿಗೆ ಅಂಟಿಸಿ. ನನಗೆ ಇನ್ನು ಯಾರ ಹೆದರಿಕೆಯೂ ಇಲ್ಲ. ನನ್ನ ಮಗಳಿಗೆ ಮಾತ್ರ ಹೆದರುತ್ತೇನೆ.

ನಿಮ್ಮ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಪಡುವ,
ಸುಗಂಧಿ


ಬಾಲಿಕಾಶ್ರಯ, ಕಾರ್ಕಳ
5-9-1962

ಸುಗಂಧಿಯವರೇ,

ನಿಮ್ಮ ಪತ್ರವನ್ನು ಡಾಕ್ಟರು ಎರಡು ಸಲ ಓದಿದರು. ಆಮೇಲೆ ವಿನೋದಾಳನ್ನು ಕರೆದು, “ನಿನ್ನ ಅಮ್ಮ ಎಲ್ಲ ಬರೆದಿದ್ದಾರೆ, ಇನ್ನು ನಾನು ಆ ಪ್ರಶ್ನೆ ಕೇಳುವುದಿಲ್ಲ” ಎಂದರು. ಅವಳು “ಎಲ್ಲವೂ ಅಂದರೆ ಕುಪ್ಪಿಯದ್ದೂ?” ಎಂದು ಕೇಳಿದಳು. ಪಕ್ಕದಲ್ಲಿದ್ದ ನಾನು ಹೌದು ಎಂದೆ. ಆ ರಾತ್ರಿ ಮಲಗಿ ನಿದ್ದೆ ಮಾಡಿದಳು.

ಡಾಕ್ಟರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ತಂದೆ ಇಲ್ಲ, ತಾಯಿ ಇದ್ದಾರೆ, ಮತ್ತೆ ಮಾವನ ಸಹಿ ಏಕೆ ಎಂದು. ಉಡುಪಿಗೆ ಹೋಗಿ ಒಬ್ಬ ವಕೀಲರನ್ನು ಕಂಡೆ. ಆರು ವರ್ಷದ ಹಿಂದೆಯೇ ಬಂದ ಕಾನೂನಿನಂತೆ ತಂದೆ ತೀರಿದ ಮೇಲೆ ಮಗುವಿನ ಪಾಲಕಿ ತಾಯಿಯೇ. ಸೋದರಮಾವನ ಸಹಿಗೆ ರೂಢಿಯ ಬಲ ಇತ್ತೇ ಹೊರತು ಬೇರೆ ಬಲ ಇರಲಿಲ್ಲ. ಅಂದರೆ ಅಂದು ನೀವು ಬೇಡ ಎಂದಿದ್ದರೆ ಅಷ್ಟೇ ಸಾಕಾಗುತ್ತಿತ್ತು. ನಾನು ನಿಮ್ಮನ್ನು ಕರೆಸಿ ಕೇಳಿದ್ದರೂ ಸಾಕಾಗುತ್ತಿತ್ತು. ನಾನೂ ಕೇಳಲಿಲ್ಲ. ಒಂಬತ್ತು ವರ್ಷದಿಂದ ಈ ಮೇಜಿನ ಮೇಲೆ ಎಷ್ಟು ಮಾವಂದಿರ ಸಹಿ ತೆಗೆದುಕೊಂಡಿದ್ದೇನೆ ಎಂದು ಯೋಚಿಸಿದರೆ ನನಗೂ ನಿದ್ದೆ ಬರುವುದಿಲ್ಲ.

ಹೊಸ ಫಾರ್ಮು ಇಟ್ಟಿದ್ದೇನೆ. ಇದರಲ್ಲೂ ತಾಯಿ ಎಂಬ ಶಬ್ದ ಇಲ್ಲ, ಹಳೆಯ ಅಚ್ಚು. ‘ತಂದೆ’ ಎಂಬುದನ್ನು ಹೊಡೆದು ಹಾಕಿ ‘ತಾಯಿ’ ಎಂದು ಬರೆಯಿರಿ.

ಆದರೆ ಸಹಿ ಬಂದ ಕೂಡಲೇ ಅವಳನ್ನು ಕಳುಹಿಸುವುದಿಲ್ಲ. ಆ ಕೋಲು ಇರುವ ಮನೆಗೆ ನಾನು ಯಾವ ಮಗುವನ್ನೂ ಕಳುಹಿಸುವವಳಲ್ಲ. ನೀವು ಅದಕ್ಕೆ ಎಂತ ಮಾಡುತ್ತೀರಿ ಎಂದು ಬರೆಯಿರಿ. ನಮ್ಮ ಸಹಾಯ ಬೇಕಾದರೆ ಬರುತ್ತೇನೆ.

ಬರ್ತಾ


ಕಾಪು
20-9-1962

ಅಣ್ಣನಿಗೆ,

ಒಂದೇ ಮನೆಯಲ್ಲಿ ಇದ್ದುಕೊಂಡು ಪತ್ರ ಬರೆಯುವುದು ಎಂತ ಎಂದು ನೀನು ಕೇಳಬಹುದು. ಬಾಯಲ್ಲಿ ಹೇಳಿದರೆ ನೀನು ನಡುವೆ ಕೋಲು ತೆಗೆಯುತ್ತೀ. ಪತ್ರಕ್ಕೆ ಹೊಡೆದು ಉಪಯೋಗವಿಲ್ಲ. ಇದರ ಇನ್ನೊಂದು ಪ್ರತಿ ಕಾರ್ಕಳಕ್ಕೆ ಹೋಗಿದೆ.

ವಿನೋದಾಳ ಫಾರ್ಮಿಗೆ ನಾನು ಸಹಿ ಹಾಕಿದ್ದೇನೆ. ಕುಪ್ಪಿಯನ್ನು ಯಾರೂ ಹಿಡಿದುಕೊಳ್ಳಲಿಲ್ಲ, ಕಲ್ಲಿನ ಮೇಲೆ ಇಟ್ಟುಕೊಂಡೆ. ಅವಳು ಮನೆಗೆ ಬರುತ್ತಾಳೆ, ಏಳನೇ ಕ್ಲಾಸಿಗೆ ಹೋಗುತ್ತಾಳೆ.

ನಾನು ಮನೆ ಬಿಟ್ಟು ಹೋಗುತ್ತೇನೆ ಎಂದು ನೀನು ಎಣಿಸಿದ್ದರೆ ತಪ್ಪು. ಈ ಮನೆ ಅಜ್ಜಿಯಿಂದ ನಮ್ಮ ಅಮ್ಮನಿಗೆ ಬಂತು, ಅಮ್ಮನಿಂದ ನಮಗೆ. ನಿನ್ನ ಮಕ್ಕಳು ಉದ್ಯಾವರದಲ್ಲಿ ಅವರ ತಾಯಿಮನೆಯಲ್ಲಿ ಬೆಳೆಯುತ್ತಿದ್ದಾರೆ. ನನ್ನ ಮಗಳು ಅವಳ ತಾಯಿಮನೆಯಲ್ಲಿ ಬೆಳೆಯಬೇಕು. ಯಜಮಾನಿಕೆ ನಿನ್ನದೇ ಇರಲಿ, ಅದನ್ನು ನಾನು ಕೇಳುವುದಿಲ್ಲ. ಯಜಮಾನ ಎಂದರೆ ಹೊಡೆಯುವವನು ಎಂದು ಅಜ್ಜಿ ನನಗೆ ಹೇಳಿಕೊಟ್ಟಿರಲಿಲ್ಲ.

ಸೋಮವಾರದಿಂದ ನಮ್ಮ ಜಗಲಿಯಲ್ಲಿ ನಾವು ಏಳು ಜನ ಹೆಂಗಸರು ಕೂತು ಬೀಡಿ ಕಟ್ಟುತ್ತೇವೆ. ಬೆಳಿಗ್ಗೆ ಬಂದು ದೀಪ ಇಡುವ ಹೊತ್ತಿಗೆ ಹೋಗುತ್ತಾರೆ, ಲೊರ್ನಾ ರಾತ್ರಿ ಇಲ್ಲೇ ಮಲಗುತ್ತಾಳೆ. ಎಲ್ಲರಿಗೂ ಎಲ್ಲ ಹೇಳಿದ್ದೇನೆ. ಲೊರ್ನಾ ಹೇಳಿದಳು: “ನನಗೆ ಕೇಳುತ್ತಾ ಇತ್ತು ಮಾರಾಯ್ತಿ. ನೀನು ಹೇಳಲಿ ಎಂದು ಕಾಯುತ್ತಿದ್ದೆ.” ಆರು ವರ್ಷ ನಾನು ಸೆರಗು ಕಚ್ಚಿದ್ದು ದಂಡವಾಯಿತು. ಇನ್ನು ನಾನು ಕಚ್ಚುವುದಿಲ್ಲ, ಕೂಗುತ್ತೇನೆ. ನನಗೆ ಸ್ವರ ಉಂಟು ಎಂದು ಕಾರ್ಕಳದ ಗೇಟಿನವನನ್ನು ಕೇಳು.

ಕೋಲು ಹುಡುಕಬೇಡ. ಬಟ್ಟೆ ಒಣಗಿಸಲು ಬೇಕಿತ್ತು, ಕಟ್ಟಿದ್ದೇನೆ.

ನಿನ್ನ ಊಟ ಮುಚ್ಚಿಟ್ಟಿದ್ದೇನೆ.

ತಂಗಿ,
ಸುಗಂಧಿ


ಬಾಲಿಕಾಶ್ರಯ, ಕಾರ್ಕಳ
6-10-1962

ಸುಗಂಧಿಯವರೇ,

ಮೊನ್ನೆ ತಿಳಿಸದೆ ನಿಮ್ಮ ಮನೆಗೆ ಬಂದೆ. ತಿಳಿಸದೆ ಬರುವುದು ನಿಮ್ಮಿಂದ ಕಲಿತದ್ದು. ಜಗಲಿಯಲ್ಲಿ ಜಾಗವಿರಲಿಲ್ಲ, ನನಗೆ ಮೆಟ್ಟಿಲಿನ ಮೇಲೆ ಮಣೆ ಹಾಕಿಕೊಟ್ಟಿರಿ. ನಾನು ಕಟ್ಟಿದ ಮೂರು ಬೀಡಿಗಳನ್ನು ನೋಡಿ ಎಲ್ಲರೂ ನಕ್ಕದ್ದು ನನಗೆ ನೆನಪಿದೆ.

ನಿಮ್ಮ ಅಣ್ಣನವರು ನನ್ನನ್ನು ಕರೆದು, “ಸಹಿ ಹಾಕಿದವನು ನಾನು” ಎಂದರು. ಆ ಫಾರ್ಮನ್ನು ರದ್ದು ಮಾಡಿದ್ದೇವೆ ಎಂದೆ. ಅವರು ಮತ್ತೆ ಏನೋ ಹೇಳಲು ಬಾಯಿ ತೆರೆದರು. ಏಳು ಜನರೂ ಕತ್ತರಿ ಕೆಳಗಿಟ್ಟು ಅವರ ಮುಖ ನೋಡಿದಿರಿ. ಬಸ್ಸಿನ ಹೊತ್ತಾಯಿತು ಎಂದು ಹೊರಟು ಹೋದರು. ಅವರು ಬದಲಾದರು ಎಂದು ನಾನು ನಂಬುವುದಿಲ್ಲ. ನಿಮ್ಮ ಜಗಲಿಯನ್ನು ನಂಬುತ್ತೇನೆ. ತಿಂಗಳಿಗೊಮ್ಮೆ ನಾನು ಬರುತ್ತೇನೆ, ನೀವು ಮಗಳೊಡನೆ ಡಾಕ್ಟರನ್ನು ಕಾಣಲು ಬರಬೇಕು. ಇದು ನಿಯಮವಲ್ಲ, ನನ್ನ ಹಠ.

ಹತ್ತನೇ ತಾರೀಕು ಬನ್ನಿ. ತಾಯಂದಿರ ಕೋಣೆಯಲ್ಲಿ ಮೂರು ರಾತ್ರಿ ಮಗಳೊಡನೆ ಉಳಿಯಿರಿ. ಹದಿಮೂರು ಎರಡನೇ ಶನಿವಾರ. ಅಂದು ಬೆಲ್ಲು ಹೊಡೆಯುವಾಗ ಇಬ್ಬರೂ ಒಟ್ಟಿಗೆ ಹೊರಡಿ. ಗೆರಸೆ ತರಬಹುದು.

ನಿಮ್ಮ,
ಬರ್ತಾ


ಕಾರ್ಕಳ
7-10-1962

ಅಮ್ಮನಿಗೆ,

ಟೀಚರ್ ಎಲ್ಲ ಹೇಳಿದರು. ಮಾವನಿಗೆ ಬರೆದ ಪತ್ರವನ್ನು ಓದಲು ಕೊಟ್ಟರು. ಕೋಲಿನಲ್ಲಿ ಬಟ್ಟೆ ಒಣಗಿಸಿದ್ದನ್ನು ಓದಿ ನಾನು ನಕ್ಕೆ. ಆಮೇಲೆ ಅತ್ತೆ. ಅತ್ತದ್ದನ್ನು ಯಾರಿಗೂ ಹೇಳಬೇಡ.

ನನಗೆ ನಿನ್ನ ಮೇಲೆ ಸಿಟ್ಟು ಪೂರಾ ಹೋಗಿಲ್ಲ. ಸ್ವಲ್ಪ ಉಂಟು. ಅದು ಇರುವಾಗಲೂ ನೀನು ಬರಬೇಕು.

ನಿನ್ನೆ ಚೀಲ ಬಿಚ್ಚಿದೆ. ನೀಲಿ ಲಂಗ ಎರಡು ಬೆರಳು ಗಿಡ್ಡ ಆಗಿದೆ. ಆದರೆ ನೀನು ಒಳಗೆ ಅಂಚು ಮಡಚಿ ಹೊಲಿದಿದ್ದೀ, ಬಿಚ್ಚಿದರೆ ಸರಿಯಾಗುತ್ತದೆ. ಸೂಜಿ ನೂಲು ತಾ. ಕಳುಹಿಸುವಾಗ ನೀನು ಮಡಚಿಟ್ಟ ಲಂಗವನ್ನೇ ಹಾಕಿಕೊಂಡು ನಾನು ಕಾಪುವಿನಲ್ಲಿ ಬಸ್ಸು ಇಳಿಯಬೇಕು. ಮಾವ ಸ್ಟ್ಯಾಂಡಿನಲ್ಲಿ ಇದ್ದರೆ ನೋಡಲಿ. ನಾವು ಹಿಂದಿನ ದಾರಿಯಿಂದ ಹೋಗುವುದು ಬೇಡ.

ಮೊದಲು ಇಲ್ಲಿ ನನ್ನನ್ನು ಅಡಿಗೆಕೋಣೆಯ ಹತ್ತಿರ ಬಿಡುತ್ತಿರಲಿಲ್ಲ. ಈಗ ಒಂದು ತಿಂಗಳಿನಿಂದ ಬೆಳಿಗ್ಗೆ ಒಲೆ ಹಚ್ಚುವುದು ನಾನು. ಟೀಚರ್ ತಾವೇ ನನ್ನ ಕೈಗೆ ಕೊಟ್ಟರು. ಇಪ್ಪತ್ತಾರು ಜನರ ಗಂಜಿಗೆ ಒಂದೇ ಕಡ್ಡಿಯಲ್ಲಿ ಹಚ್ಚುತ್ತೇನೆ.

ಮನೆಗೆ ಬಂದ ದಿನ ನಮ್ಮ ಒಲೆಯನ್ನೂ ನಾನೇ ಹಚ್ಚುವುದು. ನೀನು ಬೆಂಕಿಪೆಟ್ಟಿಗೆ ಅಡಗಿಸಿ ಇಡಬೇಡ.

ವಿನೋದಾ